ತಳ ಮುಟ್ಟಿದ ಸದ್ದು

ಹಿಡಿಗೆ ಹುಣಸೆಹಣ್ಣು ಹಚ್ಚಿ ನನ್ನನ್ನು ತಿಕ್ಕುತ್ತಿದ್ದ ವನಜಾಕ್ಷಿ ಅರ್ಧಕ್ಕೇ ಕೈ ನಿಲ್ಲಿಸಿದಳು. ನಲ್ಲಿ ಸುಮ್ಮನೆ ಹರಿಯುತ್ತಿತ್ತು. ಇಪ್ಪತ್ತೆರಡು ವರ್ಷ ದಿನಕ್ಕೆರಡು ಸಲ ನನ್ನನ್ನು ತೊಳೆದವಳು, ಅಂದು ಮೊದಲ ಸಲ ನೋಡುವವಳಂತೆ ನನ್ನ ಬಟ್ಟಲಿನ ಅಂಚನ್ನು ನೋಡಿದಳು. ಅಲ್ಲಿ ಅವಳಿಗೆ ಏನು ಕಂಡಿತೆಂದು ಹೇಳಬೇಕಾದರೆ ನನ್ನ ಹುಟ್ಟಿನಿಂದಲೇ ಹೇಳಬೇಕು.

ನಾನೊಂದು ಹಿತ್ತಾಳೆಯ ಸೌಟು. ನಾಗಮಂಗಲದ ಕಂಚುಗಾರನೊಬ್ಬ ಬಡಿದು ಬಡಿದು ನನಗೆ ಹೊಟ್ಟೆ ಬರಿಸಿದ, ಉದ್ದದ ಹಿಡಿ ಕೂಡಿಸಿದ, ಬಟ್ಟಲಿಗೆ ಕಲಾಯಿ ಹಾಕಿಸಿದ. ಕೊಳ್ಳಲು ಬಂದ ಹೆಂಗಸಿನ ಎದುರು ನನ್ನನ್ನು ಪಾತ್ರೆಯ ತಳಕ್ಕೆ ತಾಗಿಸಿ ಠಣ್ ಎನ್ನಿಸಿ, ಗಟ್ಟಿ ಮಾಲು ಎಂದು ಹೇಳಿದ. ಆ ಸದ್ದಿನ ಮೇಲೆ ನನಗೂ ಬಹಳ ದಿನ ಜಂಬವಿತ್ತು.

ಆ ಹೆಂಗಸು ಕೊಂಡದ್ದು ಮಗಳು ಗುರುಮಲ್ಲಮ್ಮನ ಮದುವೆಗೆ. ಹದಿನೇಳರ ಗುರುಮಲ್ಲಮ್ಮನ ಜೊತೆ ನಂಜನಗೂಡಿನ ಕಡೆಯ ಈ ಊರಿಗೆ, ಈ ಅಡುಗೆಮನೆಗೆ ಬಂದೆ. ಬಂದ ಮೇಲೆ ತಿಳಿಯಿತು, ಹುರುಳಿಸಾರಿಗೆ ಎರಡು ಅಂತಸ್ತು. ಮೇಲೆ ತಿಳಿ, ತಳದಲ್ಲಿ ಕಾಳು. ಗಂಡಸರ ತಟ್ಟೆಗಾದರೆ ನಾನು ತಳಕ್ಕೆ ಇಳಿಯಬೇಕು. ಹೆಂಗಸರ ತಟ್ಟೆಗಾದರೆ ಮೇಲೆ ಮೇಲೆ ತೇಲಿ ಬರಬೇಕು. ಯಾರೂ ಇದನ್ನು ಬಾಯಿಬಿಟ್ಟು ಹೇಳಿದ್ದಿಲ್ಲ. ಮಣಿಕಟ್ಟಿಗೆ ಗೊತ್ತಿರುತ್ತಿತ್ತು.

ಗುರುಮಲ್ಲಮ್ಮ ಬಸುರಿಯಾದಾಗ, ಎಲ್ಲರ ಊಟ ಮುಗಿದ ಮೇಲೆ ಪಾತ್ರೆ ಓರೆ ಮಾಡಿ ನನ್ನನ್ನು ತಳಕ್ಕೆ ಬಿಡುತ್ತಿದ್ದಳು. ನಾಲ್ಕು ಕಾಳು ಸಿಕ್ಕೀತೇ ಎಂಬ ಆಸೆ. ನಾನು ಠಣ್ ಎನ್ನುತ್ತಿದ್ದೆ. ನಡುಮನೆಯಿಂದ ಅವಳ ಅತ್ತೆ ಕೇಳುತ್ತಿದ್ದರು, "ಸೌಟು ಸದ್ದು ಮಾಡ್ತಲ್ಲ, ಯಾರ್ಗೆ?" ಅವಳು ನನ್ನನ್ನು ಬಿಟ್ಟು ನೀರು ಕುಡಿದು ಮಲಗುತ್ತಿದ್ದಳು. ಈ ಸಂಕಟ ಉಂಡವಳು ತನ್ನ ಸೊಸೆಯ ಕಾಲಕ್ಕೆ ಅದನ್ನು ನಿಲ್ಲಿಸುತ್ತಾಳೆ ಎಂದುಕೊಂಡಿದ್ದೆ. ಹಿತ್ತಾಳೆಯ ಬುದ್ಧಿ ನನ್ನದು. ವನಜಾಕ್ಷಿ ಸೊಸೆಯಾಗಿ ಬಂದ ಮೊದಲ ವಾರವೇ ನಡುಮನೆಯಿಂದ ಅದೇ ಪ್ರಶ್ನೆ ಬಂತು. ದನಿ ಮಾತ್ರ ಗುರುಮಲ್ಲಮ್ಮನದು.

ಈಗ ಗುರುಮಲ್ಲಮ್ಮನ ಕಣ್ಣಿಗೆ ಪೊರೆ ಬಂದಿದೆ. ಕಿವಿ ಚುರುಕಾಗಿದೆ. ಕಂಬಕ್ಕೆ ಒರಗಿ ಕೂತು ಊಟದ ಹೊತ್ತಿನಲ್ಲಿ ನನ್ನ ಸದ್ದು ಎಣಿಸುತ್ತಾಳೆ. ಮಗನಿಗೆ ಎರಡು, ಮೊಮ್ಮಗ ಹರ್ಷಿತನಿಗೆ ಎರಡು. ಐಟಿಐ ಮುಗಿಸಿ, ಮೊಬೈಲು ಹಿಡಿದು ಜಗಲಿ ಸವೆಸುತ್ತಿರುವ ಹುಡುಗ ಅವನು. ನಾಲ್ಕಾದ ಮೇಲೆ ಸದ್ದು ಇರಬಾರದು.

ಸದ್ದಿಲ್ಲದ ತಟ್ಟೆ ಮೋನಿಷಾಳದು. ವನಜಾಕ್ಷಿಯ ಮಗಳು, ಹದಿನೇಳು ವರ್ಷ, ಖೋ-ಖೋ ಆಡುತ್ತಾಳೆ. ಬೆಳಗಿನ ಜಾವ ಎದ್ದು ಮೈದಾನಕ್ಕೆ ಓಡುತ್ತಾಳೆ, ಸಂಜೆ ಮತ್ತೆ ಓಡುತ್ತಾಳೆ. ರಾಜ್ಯದ ಕಿರಿಯರ ತಂಡಕ್ಕೆ ಆಯ್ಕೆ ಹತ್ತಿರ ಬಂದಿತ್ತು. ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತಿತ್ತು. ಆಯ್ಕೆಯಾದರೆ ಈ ವರ್ಷ, ಇಲ್ಲವಾದರೆ ಇಲ್ಲ.

ಒಂದು ದಿನ ಅವಳು ಕೋಚ್ ಮೇಡಂ ಕೊಟ್ಟ ಹಾಳೆ ತಂದಳು. ಮೇಡಂ ಎಲ್ಲ ಹುಡುಗಿಯರನ್ನೂ ತೂಕಕ್ಕೆ ಹಾಕಿದ್ದರಂತೆ. ಹೀಗೆ ಓಡುವ ಮೈಗೆ ಕೆ.ಜಿ.ಗೆ ಒಂದೂವರೆ ಗ್ರಾಂ ಪ್ರೋಟೀನು ಬೇಕು. ನಲವತ್ತಾರು ಕೆ.ಜಿ.ಯ ಮೋನಿಷಾಳಿಗೆ ದಿನಕ್ಕೆ ಹತ್ತಿರ ಹತ್ತಿರ ಎಪ್ಪತ್ತು. ಮುದ್ದೆ ಅನ್ನದಿಂದ ಅದರಲ್ಲಿ ಸ್ವಲ್ಪವಷ್ಟೇ ಬರುತ್ತದೆ, ಉಳಿದದ್ದು ಕಾಳು, ಹಾಲು, ಮೊಟ್ಟೆಯಿಂದ ಬರಬೇಕು. ಮೊಟ್ಟೆ ಈ ಮನೆಯ ಹೊಸಿಲು ದಾಟುವುದಿಲ್ಲ. ಹಾಲು ಡೈರಿಗೆ ಹೋಗಿ ಮಿಕ್ಕಿದ್ದು ಹರ್ಷಿತನ ಲೋಟಕ್ಕೆ. ಇನ್ನು ಉಳಿದದ್ದು ಕಾಳು.

ಹಾಳೆಯ ಮಾತು ಕೇಳಿ ಗುರುಮಲ್ಲಮ್ಮ ನಕ್ಕಳು. "ಹುರುಳಿ ತಿಂದು ಓಡಕ್ಕೆ ನೀನೇನ್ ಕುದ್ರೆನಾ ಕೂಸೆ?" ಹರ್ಷಿತ ಜಗಲಿಯಿಂದಲೇ ಕೆನೆದು ತೋರಿಸಿದ. ಮೋನಿಷಾಳೂ ನಕ್ಕುಬಿಟ್ಟಳು.

ಹಾಳೆಯಲ್ಲಿ ದಿನವೂ ತಿಂದದ್ದನ್ನು ಬರೆಯಬೇಕಿತ್ತು. ಸಾರು ಎಷ್ಟು ಎಂಬ ಅಂಕಣ ಬಂದಾಗ ಅವಳು ಪೆನ್ನು ಹಿಡಿದು ತಾಯಿಯನ್ನು ಕೇಳಿದಳು.

"ಎರಡು ಸೌಟು ಅಂತ ಬರ್ಕೊ," ಎಂದಳು ವನಜಾಕ್ಷಿ, ಒಲೆಯ ಕಡೆ ತಿರುಗಿಕೊಂಡೇ. ಅದು ಸುಳ್ಳಲ್ಲ. ಎರಡು ಸೌಟೇ. ಹಗಲು ಎರಡು, ರಾತ್ರಿ ಎರಡು. ಅಣ್ಣನಿಗೆಷ್ಟೋ ತಂಗಿಗೂ ಅಷ್ಟೇ. ತಿಂಗಳಿಡೀ ಹಾಗೇ ಬರೆದಳು, ದುಂಡಗಿನ ಅಕ್ಷರದಲ್ಲಿ. ಆ ಹಾಳೆಯಲ್ಲಿ ನಾನು ಅಳತೆಯಾಗಿದ್ದೆ. ನನ್ನೊಳಗೆ ಏನಿತ್ತೆಂದು ಕೇಳುವ ಅಂಕಣ ಅದರಲ್ಲಿರಲಿಲ್ಲ.

ಆಯ್ಕೆಯ ದಿನ ಮೋನಿಷಾ ಮಧ್ಯಾಹ್ನಕ್ಕೇ ಮನೆಗೆ ಬಂದಳು. ಬಚ್ಚಲಿಗೆ ಹೋಗಿ ಮುಖ ತೊಳೆದಳು, ಅಡುಗೆಮನೆಯ ಗೋಡೆಗೆ ಒರಗಿ ಕೂತಳು. ನಡೆದದ್ದನ್ನು ಬಿಡಿಬಿಡಿಯಾಗಿ ಹೇಳಿದಳು. ಎರಡು ಸುತ್ತು ಚೆನ್ನಾಗಿ ಅಟ್ಟಿಸಿಕೊಂಡು ಹೋದಳಂತೆ. ಮೂರನೆಯದರಲ್ಲಿ ಹಿಂದಿನವಳು ಖೋ ಎಂದು ಬೆನ್ನು ತಟ್ಟಿದಾಗ ಎದ್ದಳು, ತೊಡೆ ನಡುಗಿತು, ಅಲ್ಲೇ ಮಂಡಿಯೂರಿದಳು. ಮೇಡಂ ಹಾಳೆ ತರಿಸಿ ನೋಡಿದರು. ದಿನಕ್ಕೆ ನಾಲ್ಕು ಸೌಟು ಕಾಳುಸಾರು ಉಣ್ಣುವವಳ ಕಾಲು ಹೀಗೆ ನಡುಗುವುದಿಲ್ಲ, ಇದು ಸುಳ್ಳು ಪಟ್ಟಿ, ಸುಳ್ಳು ಬರೆಯುವವರು ತಂಡಕ್ಕೆ ಬೇಡ ಎಂದು ಎಲ್ಲರೆದುರು ಅವಳ ಹೆಸರಿನ ಮೇಲೆ ಗೆರೆ ಎಳೆದರು.

ಹೇಳಿ ಮುಗಿಸಿ ಅವಳು ತಾಯಿಯ ಮುಖ ನೋಡಿದಳು.

"ಅವ್ವ, ನಾನು ಸುಳ್ ಬರ್ದಿದ್ನಾ?"

ವನಜಾಕ್ಷಿ ಮಗಳಿಗೆ ತಟ್ಟೆ ಹಾಕಿದಳು, ಮುದ್ದೆ ಇಟ್ಟಳು, ನನ್ನನ್ನು ಸಾರಿಗೆ ಇಳಿಸಿದಳು. ಕೈ ತಾನಾಗಿಯೇ ಮೇಲೆ ನಿಂತಿತು. ಅದು ನಿಂತದ್ದನ್ನು ಅವಳೇ ನೋಡಿದಳು. ನೋಡಿದ ಮೇಲೂ ತಿಳಿಯನ್ನೇ ಬಡಿಸಿದಳು. ನಡುಮನೆಯಲ್ಲಿ ಗುರುಮಲ್ಲಮ್ಮ ಎಚ್ಚರವಾಗಿದ್ದಳು.

ಮರುದಿನ ಬೆಳಿಗ್ಗೆಯೇ ಅವಳು ನನ್ನನ್ನು ತಿಕ್ಕುತ್ತ ಕೈ ನಿಲ್ಲಿಸಿದ್ದು. ನನ್ನ ಅಂಚಿನ ಒಂದು ಕಡೆ ಸವೆದು ಚಪ್ಪಟೆಯಾಗಿದೆ. ಐವತ್ತು ವರ್ಷ ಗಂಡಸರಿಗಾಗಿ ತಳ ಕೆರೆದ ಗುರುತು. ಅದನ್ನು ಹೆಬ್ಬೆರಳಿನಿಂದ ಸವರಿದಳು. ಆಮೇಲೆ, ಯಾಕೋ, ನನ್ನನ್ನು ಖಾಲಿ ಪಾತ್ರೆಯ ತಳಕ್ಕೆ ಮೆಲ್ಲಗೆ ತಾಗಿಸಿದಳು.

ಠಣ್.

"ಯಾರ್ಗೆ?" ಎಂದಳು ಗುರುಮಲ್ಲಮ್ಮ, ನಡುಮನೆಯಿಂದ. ಊಟದ ಹೊತ್ತೂ ಅಲ್ಲ, ಒಲೆ ಹತ್ತಿಸಿಯೂ ಇರಲಿಲ್ಲ.

ವನಜಾಕ್ಷಿ ನನ್ನನ್ನು ಒರೆಸಿ ಕಿಟಕಿಯ ಪಕ್ಕದ ಮೊಳೆಗೆ ನೇತುಹಾಕಿದಳು. ಅಟ್ಟದ ಬುಟ್ಟಿಯಿಂದ ತೆಂಗಿನ ಚಿಪ್ಪಿನ ಸೌಟು ತೆಗೆದು ತೊಳೆದಳು. ಅದು ಎಲ್ಲಿ ತಾಗಿದರೂ ಸದ್ದಿಲ್ಲ.

ಅಂದು ಮಧ್ಯಾಹ್ನ ಗುರುಮಲ್ಲಮ್ಮ ಕಿವಿ ಕೊಟ್ಟು ಕೂತೇ ಕೂತಳು. ಕೊನೆಗೆ, "ಸೌಟೆಲ್ಲಿ ವನಜ? ಸದ್ದೇ ಇಲ್ವಲ್ಲ," ಎಂದಳು.

"ಕಲಾಯಿ ಹೋಗ್ಬುಟ್ಟದೆ ಅತ್ತೆ. ಸಾರು ಕಿಲುಬಾಯ್ತದೆ."

ಕಲಾಯಿ ಹಾಕಿಸಿ ಇನ್ನೂ ಆರು ತಿಂಗಳಾಗಿಲ್ಲ. ಅಳತೆಯಾಗಿ ನಾನು ಹೇಳಿದ ಸುಳ್ಳನ್ನು ಯಾರೂ ತಪ್ಪೆನ್ನಲಿಲ್ಲ. ಮೊಳೆಗೆ ಏರಿದ್ದು ತಳ ಮುಟ್ಟಿದಾಗ ನಿಜ ಹೇಳುತ್ತಿದ್ದುದಕ್ಕೆ. ಅದರ ಬಗ್ಗೆ ನನಗೆ ದೂರಿಲ್ಲ. ಗುರುಮಲ್ಲಮ್ಮನ ಕೈಯಲ್ಲೂ ಒಂದು ಚಿಪ್ಪಿನ ಸೌಟು ಇರಬಹುದಿತ್ತು, ಅವಳಿಗೆ ಹೊಳೆಯಲಿಲ್ಲ, ಅಷ್ಟೇ ನನ್ನ ಕೊರಗು. ಅವಳಿಗೆ ಹೊಳೆಯದ್ದು ಇವಳಿಗೆ ಹೊಳೆಯಲು ಒಂದು ಹುಡುಗಿಯ ಹೆಸರಿನ ಮೇಲೆ ಗೆರೆ ಬೀಳಬೇಕಾಯಿತು.

ಮೊಳೆಯಿಂದ ನನಗೆ ಒಲೆಕಟ್ಟೆ ಚೆನ್ನಾಗಿ ಕಾಣುತ್ತದೆ. ವನಜಾಕ್ಷಿ ಚಿಪ್ಪನ್ನು ತಳದವರೆಗೆ ಇಳಿಸಿ, ತುಂಬಿ, ಮೋನಿಷಾಳ ತಟ್ಟೆಗೆ ಸುರಿದಳು. ಮತ್ತೊಮ್ಮೆ ತಳಕ್ಕೆ ಇಳಿಸಿ ಸುರಿದಳು. ಕಾಳು ಕಾಣದಂತೆ ಮೇಲೆ ಒಂದಿಷ್ಟು ತಿಳಿ ಹಾಕಿದಳು. ಮೋನಿಷಾ ಮುದ್ದೆ ಮುರಿದು ಅದ್ದಿದವಳು ಬೆರಳಿಗೆ ಕಾಳು ತಾಗಿ ತಲೆಯೆತ್ತಿದಳು.

ವನಜಾಕ್ಷಿ ಅಷ್ಟು ಹೊತ್ತಿಗೆ ಒಲೆಯ ಕಡೆ ತಿರುಗಿಯಾಗಿತ್ತು.