ಹಿತ್ತಿಲ ಲಿಫ್ಟಿನ ದಿನಗಳು

ಬುಧವಾರದ ಬೀದಿಸಂತೆ ಮುಗಿಸಿಕೊಂಡು ಎರ್ಮೀನಿಯಾ ಮತ್ತು ದಾಲ್ವಾ ಒಟ್ಟಿಗೇ ಮನೆಗೆ ಮರಳುತ್ತಿದ್ದರು. ಎರ್ಮೀನಿಯಾಳ ಕೈಯಲ್ಲಿ ಹೂವಿನ ಒಂದು ಕಟ್ಟು. ದಾಲ್ವಾಳ ಎರಡೂ ಕೈಗಳಲ್ಲಿ ಚೀಲ. ಒಂದರಲ್ಲಿ ಮರಗೆಣಸು, ಬಾಳೆಹಣ್ಣು, ಇನ್ನೊಂದರಲ್ಲಿ ಹಳೇ ಪತ್ರಿಕೆಯಲ್ಲಿ ಸುತ್ತಿದ ಭೂತಾಯಿ ಮೀನು. ದಾರಿಯುದ್ದಕ್ಕೂ ದಾಲ್ವಾ ಮೀನಿನವನ ಸುದ್ದಿ ಹೇಳುತ್ತಲೇ ಬಂದಿದ್ದಳು.

"ತಕ್ಕಡಿ ಮೇಲೆ ಹೆಬ್ಬೆಟ್ಟು ಇಟ್ಟಿದ್ದ ಅಮ್ಮಾವ್ರೆ. ಆ ಹೆಬ್ಬೆಟ್ಟೂ ತೂಕಕ್ಕೆ ಸೇರಿದ್ರೆ ಅದನ್ನೂ ಕಟ್ಟಿಕೊಡಪ್ಪ, ಹುರ್ಕೋತೀನಿ ಅಂದೆ."

"ಅಯ್ಯೋ! ಅದಕ್ಕೆ ಅವನೇನಂದ?"

"ಅವನಾ? ಅವನು..."

ಅಷ್ಟರಲ್ಲಿ ಕಟ್ಟಡದ ಹಜಾರ ಬಂತು. ಮಾತು ಅಲ್ಲಿಗೇ ನಿಂತಿತು. ಎರ್ಮೀನಿಯಾ ಎದುರಿಗಿದ್ದ ಮುಂಬಾಗಿಲ ಲಿಫ್ಟು ಹತ್ತಿದಳು. ದಾಲ್ವಾ ಪಕ್ಕದ ಕಿರಿದಾದ ಓಣಿ ಹಿಡಿದು ಹಿತ್ತಿಲ ಲಿಫ್ಟಿಗೆ ಹೋದಳು. ಒಂಬತ್ತನೇ ಮಹಡಿಯಲ್ಲಿ ಒಬ್ಬಳು ಮನೆಯ ಮುಂಬಾಗಿಲು ತೆರೆದಳು, ಇನ್ನೊಬ್ಬಳು ಅಡುಗೆಮನೆಯ ಬಾಗಿಲು ತೆರೆದಳು. ಚೀಲ ಇಳಿಸುತ್ತಲೇ ದಾಲ್ವಾ ಮುಂದುವರಿಸಿದಳು, "ಅವನು ನಗ್ತಾ ಇನ್ನೆರಡು ಮೀನು ಹಾಕಿದ." ಇಪ್ಪತ್ತು ವರ್ಷದಿಂದ ಹೀಗೇ ನಡೆದುಬಂದಿತ್ತು. ಇದರಲ್ಲಿ ವಿಚಿತ್ರವಾದದ್ದೇನಾದರೂ ಇದೆ ಎಂದು ಎರ್ಮೀನಿಯಾಳಿಗೆ ಒಮ್ಮೆಯೂ ಅನ್ನಿಸಿರಲಿಲ್ಲ.

ಬಂದರು ನಗರ ಸಾಂತೋಸಿನ ಕಡಲತೀರದ ಇನ್ನೂ ಹಲವು ಕಟ್ಟಡಗಳಂತೆ ಅವರದೂ ಒಂದು ಕಡೆಗೆ ತುಸು ವಾಲಿತ್ತು. ಮೇಜಿನ ಮೇಲೆ ಕಿತ್ತಳೆಹಣ್ಣು ಇಟ್ಟರೆ ಉರುಳಿಕೊಂಡು ಕಡಲಿನ ದಿಕ್ಕಿಗೆ ಹೋಗುತ್ತಿತ್ತು. ಮುಂಬಾಗಿಲ ಲಿಫ್ಟಿಗೆ ಕನ್ನಡಿ, ಕೆಂಪು ಜಮಖಾನೆ, ಮೆಲ್ಲಗೆ ತಿರುಗುವ ಫ್ಯಾನು. ಹಿತ್ತಿಲ ಲಿಫ್ಟಿಗೆ ತಗಡಿನ ಗೋಡೆ, ಗೀಚಿದ ನೆಲ, ಈರುಳ್ಳಿ ಮತ್ತು ಒದ್ದೆ ನಾಯಿಯ ವಾಸನೆ. ಕೆಲಸದವರು, ಸಾಮಾನು ತರುವವರು, ಕಸದ ಡಬ್ಬಿ, ಸಾಕುನಾಯಿ, ಎಲ್ಲಕ್ಕೂ ಅದೇ. ನಿವೃತ್ತ ಮುಖ್ಯೋಪಾಧ್ಯಾಯಿನಿ ಎರ್ಮೀನಿಯಾಳನ್ನು ನಿವಾಸಿಗಳು ಕಟ್ಟಡದ ಮೇಲ್ವಿಚಾರಕಿಯನ್ನಾಗಿ ಆರಿಸಿ ಬಹಳ ಕಾಲವಾಗಿತ್ತು. ಶಾಲೆಯನ್ನು ನಡೆಸಿದ ಹಾಗೆಯೇ ಅವಳು ಕಟ್ಟಡವನ್ನೂ ನಡೆಸುತ್ತಿದ್ದಳು. ನಿಯಮ ಎಂದರೆ ನಿಯಮ.

ಆ ಬೇಸಿಗೆಯಲ್ಲಿ ಮುಂಬಾಗಿಲ ಲಿಫ್ಟು ಒಂದು ಬೆಳಿಗ್ಗೆ ದೊಡ್ಡದಾಗಿ ನರಳಿ ನಿಂತುಹೋಯಿತು. ರಿಪೇರಿಯವನು ಮೇಲಿನ ಯಂತ್ರದ ಕೋಣೆಯಿಂದ ಕೈಯೆಲ್ಲ ಗ್ರೀಸು ಮಾಡಿಕೊಂಡು ಇಳಿದು ಬಂದ.

"ಹಲ್ಲಿನ ಚಕ್ರ ಸವೆದುಹೋಗಿದೆ. ಕಟ್ಟಡ ವಾಲಿದೆಯಲ್ಲ, ಒಂದೇ ಕಡೆ ಉಜ್ಜಿ ಉಜ್ಜಿ ಹೀಗಾಗಿದೆ. ಇಂಥ ಚಕ್ರ ಈಗ ಎಲ್ಲೂ ಸಿಗಲ್ಲ. ಸಾವೊ ಪಾವ್ಲೊದಲ್ಲಿ ಎರಕ ಹೊಯ್ಸಬೇಕು."

"ಎಷ್ಟು ದಿನ ಆಗುತ್ತೆ?"

"ದಿನ ಅನ್ಬೇಡಿ ಅಮ್ಮಾವ್ರೆ. ವಾರ ಅನ್ನಿ."

ಹೀಗೆ ಕಟ್ಟಡದ ಮಂದಿಯೆಲ್ಲ ಹಿತ್ತಿಲ ಲಿಫ್ಟಿಗೆ ಬಂದು ಸೇರಿದರು. ಮೊದಮೊದಲು ಎಲ್ಲರೂ ಮೂಗು ಮುಚ್ಚಿಕೊಂಡು, ಸೂರು ನೋಡುತ್ತಾ ನಿಲ್ಲುತ್ತಿದ್ದರು. ಮದುವೆಗೆ ಹೊರಟ ರೇಷ್ಮೆ ಉಡುಪಿನ ಹೆಂಗಸು ಕಸದ ಡಬ್ಬಿಗೆ ತಾಗದಂತೆ ಉಸಿರು ಬಿಗಿಹಿಡಿದು ಒಂದೊಂದೇ ಮಹಡಿ ಇಳಿದಳು. ಹತ್ತನೇ ಮಹಡಿಯ ಒತಾಸಿಲಿಯೊ ಬಂದರಿನ ಸುಂಕದ ಕಚೇರಿಯಲ್ಲಿ ಅಧಿಕಾರಿಯಾಗಿದ್ದವನು, ಮನೆಯಿಂದ ಹೊರಬಿದ್ದರೆ ಟೈ ಇಲ್ಲದೆ ಹೊರಬೀಳುವವನಲ್ಲ. ಅವನು ಎರಡು ದಿನ ಮೆಟ್ಟಿಲು ಹತ್ತಿ ಇಳಿದ. ಮೂರನೆಯ ದಿನ ಮಂಡಿ ಹಿಡಿದುಕೊಂಡು ಬಂದು ಲಿಫ್ಟಿನ ಮೂಲೆಯಲ್ಲಿ ನಿಂತ.

ಎರ್ಮೀನಿಯಾ ಮೊದಲ ಸಲ ಹತ್ತಿದಾಗ ಯಾರ ಮುಖವನ್ನೂ ನೋಡದೆ ನಿಂತಿದ್ದಳು. ದಾಲ್ವಾ ಅವಳ ಕಿವಿಯ ಬಳಿ ಪಿಸುಗುಟ್ಟಿದಳು. "ಇಲ್ಲಿ ಹತ್ತಿದವರು ಮೊದಲು ಎಲ್ಲರಿಗೂ ನಮಸ್ಕಾರ ಹೇಳ್ಬೇಕು ಅಮ್ಮಾವ್ರೆ. ಆಮೇಲೇನೇ ಬಾಗಿಲು ಮುಚ್ಚೋದು."

"ಯಾರು ಮಾಡಿದ ನಿಯಮ ಇದು?"

"ಯಾರೂ ಮಾಡಿಲ್ಲ. ಇದೆ, ಅಷ್ಟೇ."

ನಿಜವಾಗಿಯೂ ಅಲ್ಲಿ ಬೇರೆಯೇ ಕಟ್ಟುಪಾಡುಗಳಿದ್ದವು. ಐಸು, ಮೀನು ಹಿಡಿದವರಿಗೆ ಮೊದಲ ಸ್ಥಾನ. ಬಾಗಿಲ ಬಳಿ ನಿಂತವನು ಎಲ್ಲರ ಪರವಾಗಿ ಗುಂಡಿ ಒತ್ತಬೇಕು. ಯಾರ ಮನೆಯ ಸಾರು ಹೇಗಾಯಿತು, ಯಾರ ಮಗನಿಗೆ ಬಂದರಿನಲ್ಲಿ ಕೆಲಸ ಸಿಕ್ಕಿತು, ಎಲ್ಲವೂ ಅಲ್ಲೇ ತಿಳಿಯುತ್ತಿತ್ತು. ಮೂರನೇ ಮಹಡಿಯ ವಿಧವೆ ಹಬ್ಬಕ್ಕೆ ಒಂಟಿಯಾಗಿರುತ್ತಾಳೆ ಎಂಬುದು ಮೇಲ್ವಿಚಾರಕಿಗೆ ಗೊತ್ತಿರಲಿಲ್ಲ, ಕಸ ಒಯ್ಯುವವನಿಗೆ ಗೊತ್ತಿತ್ತು.

ಒಂದು ದಿನ ಜಿಟಿಜಿಟಿ ಮಳೆ. ಎರ್ಮೀನಿಯಾ ತಲೆಗೆ ಬಟ್ಟೆ ಕಟ್ಟಿಕೊಂಡು, ಹಳೇ ಚಪ್ಪಲಿ ಮೆಟ್ಟಿಕೊಂಡು, ಕೈಯಲ್ಲಿ ಬ್ರೆಡ್ಡಿನ ಚೀಲ ಹಿಡಿದು ದಾಲ್ವಾಳೊಂದಿಗೆ ಲಿಫ್ಟು ಹತ್ತಿದಳು. ಒಳಗೆ ಕುಡಿಯುವ ನೀರಿನ ದೊಡ್ಡ ಕ್ಯಾನು ಹೆಗಲಿಗೇರಿಸಿಕೊಂಡು ನಿವಾಲ್ದೊ ನಿಂತಿದ್ದ. ಈ ಬೀದಿಗೆ ಹೊಸದಾಗಿ ನೀರು ತರುತ್ತಿದ್ದ ಮಾತಿನಮಲ್ಲ.

"ಏನಕ್ಕಾ, ನಿನ್ನ ನೋಡೇ ಇಲ್ವಲ್ಲ. ಯಾವ ಮನೇಲಿ ಕೆಲ್ಸ?" ಎಂದು ಎರ್ಮೀನಿಯಾಳನ್ನು ಕೇಳಿದ.

ದಾಲ್ವಾ ಬಾಯಿ ತೆರೆದಳು. ಎರ್ಮೀನಿಯಾ ಅವಳ ಮೊಣಕೈ ಚಿವುಟಿ, "ಒಂಬತ್ತನೇ ಮಹಡಿ" ಎಂದಳು.

"ಅಯ್ಯೋ ಪಾಪ! ಆ ಜನರಲ್ ಮನೇಲಾ? ಹೆಂಗಕ್ಕಾ ತಡ್ಕೊಂಡಿದೀಯ?"

"ಸ್ವಲ್ಪ ಕಷ್ಟಾನೇ" ಎಂದಳು ಎರ್ಮೀನಿಯಾ. ದಾಲ್ವಾ ಗೋಡೆಯ ಕಡೆ ತಿರುಗಿಕೊಂಡಳು. ಅವಳ ಹೆಗಲುಗಳು ಕುಲುಕುತ್ತಿದ್ದವು.

"ಕೆಲವು ವರ್ಷದ ಹಿಂದೆ ನನ್ ಹೆಂಡ್ತಿ ರೊಸಿಲ್ಡಾ ಇಲ್ಲೇ ಐದನೇ ಮಹಡೀಲಿ ಕೆಲ್ಸಕ್ಕಿದ್ಲು. ತುಂಬು ಬಸುರಿ. ಅವತ್ತು ಈ ಲಿಫ್ಟು ಕೆಟ್ಟಿತ್ತು, ಕನ್ನಡಿ ಇರೋದು ಚೆನ್ನಾಗೇ ಓಡ್ತಿತ್ತು. ಅದ್ರಲ್ಲಿ ಹತ್ತೋಕೆ ಹೋದ್ಲು. ನಿಮ್ ಜನರಲ್ಲು ತಡೆದು, ಇವತ್ತು ಒಬ್ಬಳಿಗೆ ಬಿಟ್ರೆ ನಾಳೆ ಎಲ್ರಿಗೂ ಬಿಡ್ಬೇಕಾಗುತ್ತೆ, ಮೆಟ್ಲು ಹತ್ತು ಅಂದ್ಲಂತೆ. ಹತ್ತಿದ್ಲು. ಪುಣ್ಯಕ್ಕೆ ಏನೂ ಆಗ್ಲಿಲ್ಲ. ಮಗಳು ಈಗ ಮನೆಯೆಲ್ಲ ಕುಣೀತಾಳೆ, ನಮ್ಮನ್ನೂ ಕುಣಿಸ್ತಾಳೆ." ಲಿಫ್ಟು ನಿಂತಿತು. "ಬರ್ತೀನಕ್ಕ, ಧೈರ್ಯವಾಗಿರು" ಎಂದು ಅವನು ಇಳಿದುಹೋದ.

ದಾಲ್ವಾಳ ನಗು ಯಾವಾಗಲೋ ನಿಂತುಹೋಗಿತ್ತು.

ಅಡುಗೆಮನೆಯಲ್ಲಿ ಎರ್ಮೀನಿಯಾ ತಲೆಗೆ ಕಟ್ಟಿದ ಬಟ್ಟೆಯನ್ನೂ ಬಿಚ್ಚದೆ ಕುಳಿತಳು. ತಾನು ಹೇಳಿದ ಮಾತು ಅವಳಿಗೆ ಅಕ್ಷರಶಃ ನೆನಪಿತ್ತು. ಆ ಹೆಂಗಸಿನ ಮುಖ ಮಾತ್ರ ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ಅದೇ ಅವಳನ್ನು ಹೆಚ್ಚು ಚುಚ್ಚಿತು.

"ದಾಲ್ವಾ, ನನ್ನನ್ನ ಜನರಲ್ ಅಂತಾರಾ?"

"ಹೊಸಬರು ಹಾಗಂತಾರೆ. ಹಳಬರು ಬೇರೆ ಹೆಸರಲ್ಲಿ ಕರೀತಾರೆ."

"ಏನಂತ?"

"ಅನ್ನ ಒಲೆ ಮೇಲಿದೆ ಅಮ್ಮಾವ್ರೆ, ಸೀದುಹೋಗುತ್ತೆ."

ದಾಲ್ವಾ ಒಲೆ ಆರಿಸಿದ ಮೇಲೆ ಎರ್ಮೀನಿಯಾ ಮತ್ತೆ ಕೇಳಿದಳು. "ಇಷ್ಟು ವರ್ಷ ನೀನು ಆ ಕಡೆಯಿಂದ ಬರ್ತಿದ್ದೆ. ಬೇಜಾರಾಗ್ತಿರಲಿಲ್ವಾ? ನಿಜ ಹೇಳು."

ದಾಲ್ವಾ ಸೌಟನ್ನು ಒರೆಸಿ ಪಕ್ಕಕ್ಕಿಟ್ಟಳು. "ನಿಜ ಹೇಳ್ಲಾ? ನಂಗೆ ಹಿತ್ತಿಲ ಲಿಫ್ಟೇ ಇಷ್ಟ. ಮಾತಾಡೋಕೆ ಜನ ಇರ್ತಾರೆ. ಆ ಕನ್ನಡಿ ಮುಂದೆ ಮೀನಿನ ಚೀಲ ಹಿಡ್ಕೊಂಡು ಯಾರು ನಿಲ್ತಾರೆ? ಆದ್ರೆ ಅಮ್ಮಾವ್ರೆ, ಇಷ್ಟ ಅಂತ ಹೋಗೋದು ಬೇರೆ, ಅಲ್ಲೇ ಹೋಗು ಅಂದಿದ್ದಕ್ಕೆ ಹೋಗೋದು ಬೇರೆ. ನಮ್ಮಮ್ಮ ದೂರದ ಪರೈಬಾದಿಂದ ನನ್ನ ನೋಡೋಕೆ ಬಂದಿದ್ದಾಗ, ಹೊಸ ಲಂಗ ಹಾಕ್ಕೊಂಡು, ಕೈಯಲ್ಲಿ ಒಂದು ಚೀಲಾನೂ ಇರ್ಲಿಲ್ಲ. ಅವಳನ್ನೂ ನಾನು ಓಣಿಗೇ ಕರ್ಕೊಂಡು ಹೋದೆ. ಯಾಕೆ ಅಂತ ಕೇಳಿದ್ಲು. ಹತ್ತಿರದ ದಾರಿ ಅಂದೆ."

ಎರ್ಮೀನಿಯಾ ಎದ್ದು ಎರಡು ಬಟ್ಟಲು ಕಾಫಿ ಬಗ್ಗಿಸಿ, ಒಂದನ್ನು ದಾಲ್ವಾಳ ಮುಂದಿಟ್ಟಳು.

ಅತ್ತ ಲಿಫ್ಟಿನಲ್ಲಿ ದಿನದಿನಕ್ಕೂ ಗದ್ದಲ ಹೆಚ್ಚುತ್ತಿತ್ತು. ಮಾಲೀಕರು ಕೆಲಸದವರ ಹೆಸರು ಕಲಿತರು. ಮೂರನೇ ಮಹಡಿಯ ವಿಧವೆಗೆ ಮೂರು ಮನೆಗಳಿಂದ ಊಟದ ಕರೆ ಬಂತು. ರೇಷ್ಮೆ ಉಡುಪಿನ ಹೆಂಗಸು ದಾಲ್ವಾಳಿಂದ ಮರಗೆಣಸಿನ ಪಲ್ಯದ ಗುಟ್ಟು ಕೇಳಿಕೊಂಡಳು. ಮಾತು ಮುಗಿಯಲಿಲ್ಲವೆಂದು ತಮ್ಮ ಮಹಡಿ ದಾಟಿ ಮೇಲಕ್ಕೆ ಹೋಗಿ ಮರಳಿ ಇಳಿಯುವವರೂ ಹುಟ್ಟಿಕೊಂಡರು. "ಇದು ಲಿಫ್ಟಲ್ಲ ಅಮ್ಮಾವ್ರೆ, ಮದುವೆ ದಿಬ್ಬಣ" ಎಂದು ದ್ವಾರಪಾಲಕ ಲೊರಿವಾಲ್ ಗೊಣಗುತ್ತಿದ್ದ. ಗೊಣಗುತ್ತಲೇ ಅವನೂ ಸುಮ್ಮನೆ ಒಂದು ಸುತ್ತು ಹೋಗಿಬರುತ್ತಿದ್ದ.

ಎರಕದ ಚಕ್ರ ಬಂದ ಸುದ್ದಿ ತಿಳಿದ ಸಂಜೆ ಕಾರು ನಿಲ್ಲಿಸುವ ನೆಲಮಾಳಿಗೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ನಿವಾಸಿಗಳ ಸಭೆ ಸೇರಿತು. ಒತಾಸಿಲಿಯೊ ಎದ್ದು ನಿಂತ.

"ಈ ವಾರಗಳಲ್ಲಿ ಎಲ್ಲ ಕಲಸುಮೇಲೋಗರ ಆಗಿದೆ. ಮುಂಬಾಗಿಲ ಲಿಫ್ಟಿಗೆ ಬೀಗ ಹಾಕ್ಸಿ, ಮಾಲೀಕರಿಗೆ ಮಾತ್ರ ಕೀಲಿ ಕೊಡೋಣ."

"ಯಾಕೆ ಒತಾಸಿಲಿಯೊ ಅವರೇ? ಅವರೇನು ಕಚ್ತಾರಾ?" ಹಿಂದಿನಿಂದ ಯಾರೋ ಕೂಗಿದರು. ನಗೆ ಎದ್ದಿತು.

ಅವನು ನಗಲಿಲ್ಲ. "ನಿಮಗೆ ತಮಾಷೆ. ನಮ್ಮಮ್ಮ ಇಂಥಾ ಮನೆಗಳಿಗೆ ಬಟ್ಟೆ ಒಗೆದು ಕೊಡ್ತಿದ್ಲು. ಗಂಟು ಹೊತ್ಕೊಂಡು ಹಿಂಬಾಗಿಲಲ್ಲೇ ಹೋಗಿ ಹಿಂಬಾಗಿಲಲ್ಲೇ ಬರ್ತಿದ್ಲು. ನಾನು ಓದಿ, ದುಡಿದು, ಮುಂಬಾಗಿಲಿಗೆ ಬಂದೆ. ಈಗ ಎರಡೂ ಒಂದೇ ಅಂದ್ರೆ, ನಾನು ಅಷ್ಟು ಕಷ್ಟಪಟ್ಟು ಬಂದಿದ್ದಾದ್ರೂ ಎಲ್ಲಿಗೆ?"

ನಗೆ ಅಡಗಿತು. ಎರ್ಮೀನಿಯಾ ಅವನನ್ನೇ ನೋಡುತ್ತಿದ್ದಳು. ಇಷ್ಟು ವರ್ಷ ಅವನು ತನ್ನ ಮೇಲಿನ ಮಹಡಿಯಲ್ಲೇ ಇದ್ದರೂ ಅವನಿಗೊಬ್ಬ ತಾಯಿ ಇದ್ದಳೆಂದೇ ಅವಳು ಯೋಚಿಸಿರಲಿಲ್ಲ.

"ಬೀಗದ ವಿಷಯ ನನಗೆ ಬಿಡಿ" ಎಂದಷ್ಟೇ ಹೇಳಿ ಸಭೆ ಮುಗಿಸಿದಳು. ಅವನು ಅದನ್ನು ಒಪ್ಪಿಗೆಯೆಂದೇ ತಿಳಿದ.

ಮುಂಬಾಗಿಲ ಲಿಫ್ಟು ಮತ್ತೆ ಓಡತೊಡಗಿದ ದಿನ ಅದರ ಬಾಗಿಲಲ್ಲಿ ಬೀಗವಿರಲಿಲ್ಲ. ಹಜಾರದಲ್ಲಿ ಒತಾಸಿಲಿಯೊ ಟೈ ಸರಿಮಾಡಿಕೊಳ್ಳುತ್ತಾ ನಿಂತಿದ್ದ. ಅಷ್ಟರಲ್ಲಿ ನೀರಿನ ಕ್ಯಾನು ಹೊತ್ತು ನಿವಾಲ್ದೊ ಬಂದ. ಓಣಿಯಲ್ಲಿ ಯಾರದೋ ಸೋಫಾ ಅಡ್ಡಡ್ಡ ಸಿಕ್ಕಿಕೊಂಡು ಲೊರಿವಾಲ್ ಬೆವರುತ್ತಿದ್ದ. ಎರ್ಮೀನಿಯಾ ಕನ್ನಡಿಯ ಲಿಫ್ಟಿನ ಬಾಗಿಲು ಹಿಡಿದು ನಿಂತಳು.

"ಬಾಪ್ಪ, ಹತ್ತು."

"ಅಯ್ಯೋ ಬೇಡಕ್ಕಾ! ನಿಮ್ ಜನರಲ್ಲು ನೋಡಿದ್ರೆ ನಿನ್ ಕೆಲ್ಸ ಹೋಗುತ್ತೆ."

"ನೋಡ್ತಾನೇ ಇದ್ದಾಳೆ. ನಾನೇ ಅವಳು."

ಕ್ಯಾನು ಹೆಗಲಿಂದ ಜಾರಿತು. ಒತಾಸಿಲಿಯೊ ಮುಂದೆ ಬಗ್ಗಿ ಹಿಡಿಯದಿದ್ದರೆ ಹಜಾರದ ತುಂಬ ನೀರಾಗುತ್ತಿತ್ತು. ನಿವಾಲ್ದೊ ಬಾಯಿಬಿಟ್ಟುಕೊಂಡು ನಿಂತಿದ್ದ.

"ನಿನ್ನ ಹೆಂಡತಿ ಹತ್ತಿರ ನಾನು ಕ್ಷಮೆ ಕೇಳ್ಬೇಕು. ಎಲ್ಲಿಗೆ ಬರ್ಲಿ ಹೇಳು, ಬರ್ತೀನಿ" ಎಂದಳು ಎರ್ಮೀನಿಯಾ.

"ಅವಳು ಚೆನ್ನಾಗಿ ಬೈತಾಳೆ ಅಮ್ಮಾ" ಎಂದ ಅವನು, ಕೊನೆಗೆ.

"ಬೈಲಿ."

ರೊಸಿಲ್ಡಾ ತಾನೇ ಬಂದಳು, ಭಾನುವಾರ ಮಧ್ಯಾಹ್ನ, ಮಗಳು ತಾಯ್ನಾಳ ಕೈ ಹಿಡಿದುಕೊಂಡು. ಯಾವ ಜಾಗದಲ್ಲಿ ಆ ಮಾತು ಕೇಳಿದ್ದಳೋ ಅದೇ ಜಾಗದಲ್ಲಿ ಈ ಮಾತನ್ನೂ ಕೇಳಬೇಕೆಂಬುದು ಅವಳ ಹಟ. ಎರ್ಮೀನಿಯಾ ಹಜಾರದ ನಡುವೆ, ಬಂದುಹೋಗುವವರ ಎದುರಿಗೇ, ತನ್ನಿಂದ ತಪ್ಪಾಯಿತೆಂದು ಹೇಳಿದಳು. ನಿಯಮ, ಕಾಲ, ಪದ್ಧತಿ ಎಂದು ಯಾವ ನೆವವನ್ನೂ ತೆಗೆಯಲಿಲ್ಲ. ಲೊರಿವಾಲ್ ಬಂದೇ ಇರದ ಟಪಾಲನ್ನು ಜೋಡಿಸುವವನಂತೆ ತಲೆ ತಗ್ಗಿಸಿ ಕುಳಿತಿದ್ದ.

ರೊಸಿಲ್ಡಾ ಅವಳ ಮುಖವನ್ನೇ ದಿಟ್ಟಿಸಿದಳು. "ನನ್ ಕಾಲು ಅವತ್ತು ಕುಂಬಳಕಾಯಿ ಹಂಗೆ ಊದ್ಕೊಂಡಿತ್ತು. ಒಂದೊಂದು ಮೆಟ್ಟಿಲಿಗೂ ನಿಮ್ಗೆ ಶಾಪ ಹಾಕಿದೀನಿ."

"ಹಾಕಿರಬೇಕಾದ್ದೇ" ಎಂದಳು ಎರ್ಮೀನಿಯಾ.

"ಎಲ್ಲಾನೂ ಒಂದೇ ದಿನಕ್ಕೆ ವಾಪಸ್ ತಗೊಳ್ಳೋಕಾಗಲ್ಲ."

"ಬೇಡ. ನಿಧಾನಕ್ಕೆ ತಗೋ."

ರೊಸಿಲ್ಡಾಳ ತುಟಿಯ ತುದಿ ತುಸು ಅಲುಗಿತು. "ಸರಿ. ಕಾಫಿ ಇದೆಯಾ?"

ಕಾಫಿಯೂ ಇತ್ತು, ಮೆಕ್ಕೆಜೋಳದ ಹಿಟ್ಟಿನಲ್ಲಿ ದಾಲ್ವಾ ಮಾಡಿದ ಕೇಕೂ ಇತ್ತು. ಕೆಳಗೇ ಕಾದಿದ್ದ ದಾಲ್ವಾಳೂ ಸೇರಿ ಎಲ್ಲರೂ ಕನ್ನಡಿಯ ಲಿಫ್ಟು ಹತ್ತಿದರು. ಯಾರಾದರೂ ತಡೆಯುವ ಮೊದಲೇ ತಾಯ್ನಾ ಎರಡೂ ಅಂಗೈಗಳಿಂದ ಗುಂಡಿಗಳನ್ನೆಲ್ಲ ಒತ್ತಿಬಿಟ್ಟಳು. ಲಿಫ್ಟು ಪ್ರತಿ ಮಹಡಿಯಲ್ಲೂ ನಿಂತಿತು. ಪ್ರತಿ ಮಹಡಿಯಲ್ಲೂ ಬಾಗಿಲು ತೆರೆದಾಗ ಹುಡುಗಿ ಗಟ್ಟಿಯಾಗಿ "ನಮಸ್ಕಾರ!" ಎಂದು ಕೂಗಿದಳು. ಮೂರನೇ ಮಹಡಿಯಲ್ಲಿ ವಿಧವೆ ಸೇರಿಕೊಂಡಳು, ಆರನೆಯದರಲ್ಲಿ ನಾಯಿಯೊಂದಿಗೆ ಒಬ್ಬಾತ. ಒಂಬತ್ತರಲ್ಲಿ ಇಳಿಯಬೇಕಾದವರು ನಗುವಿನ ನಡುವೆ ಇಳಿಯುವುದನ್ನೇ ಮರೆತರು.

ಹತ್ತನೇ ಮಹಡಿಯಲ್ಲಿ ಬಾಗಿಲು ತೆರೆಯಿತು. ಎದುರಿಗೆ ಒತಾಸಿಲಿಯೊ, ಭಾನುವಾರವೂ ಟೈ ಕಟ್ಟಿಕೊಂಡು. ಕಿಕ್ಕಿರಿದ ಒಳಗನ್ನು ನೋಡಿ ಅವನು ಹಿಂದೆ ಸರಿದ. ಬಾಗಿಲು ಮುಚ್ಚತೊಡಗಿತು. ತಾಯ್ನಾ ಥಟ್ಟನೆ ಕಾಲು ಚಾಚಿ ತಡೆದಳು.

"ಎಲ್ಲಿಗೆ ತಾತಾ?"

"ಕೆಳಗೆ."

"ಇದು ಮೇಲಕ್ಕೆ ಹೋಗಿ ಆಮೇಲೆ ಬರುತ್ತೆ. ಜಾಗ ಇದೆ, ಬಾ."

ಜಾಗವಿರಲಿಲ್ಲ. ದಾಲ್ವಾ ಗೋಡೆಗೆ ಒತ್ತಿಕೊಂಡಳು, ರೊಸಿಲ್ಡಾ ಮಗಳನ್ನು ಎತ್ತಿಕೊಂಡಳು, ನಾಯಿ ಯಾರದೋ ಕಾಲ ಸಂದಿಯಲ್ಲಿ ನುಸುಳಿತು. ಒತಾಸಿಲಿಯೊ ಒಂದು ಕ್ಷಣ ಕನ್ನಡಿಯಲ್ಲಿ ತನ್ನ ಸುತ್ತಲಿನ ಮುಖಗಳನ್ನೆಲ್ಲ ನೋಡಿದ. ಆಮೇಲೆ ಒಳಗೆ ಕಾಲಿಟ್ಟು, ಗಂಟಲು ಸರಿಮಾಡಿಕೊಂಡು, "ಎಲ್ಲರಿಗೂ ನಮಸ್ಕಾರ" ಎಂದ.

ಬಾಗಿಲು ಮುಚ್ಚಿತು.