ಎರಡು ಸುಳಿಯ ತಲೆ

ನನ್ನ ಭಾಮೈದನಿಗೆ ಕತ್ತರಿ ಹಿಡಿಯಲು ಕಲಿಸಿದವನು ನಾನು. ಬಾಚಣಿಗೆಯನ್ನು ಹೇಗೆ ಹಿಡಿಯಬೇಕು, ತೂಕಡಿಸುವ ಗಿರಾಕಿಯ ತಲೆಯನ್ನು ಹೇಗೆ ನೆಟ್ಟಗಿಡಬೇಕು, ಎಲ್ಲವನ್ನೂ ಹೇಳಿಕೊಟ್ಟೆ. ಈಗ ಜನ ನನ್ನ ಕುರ್ಚಿ ಖಾಲಿ ಇದ್ದರೂ ಹಳೇ ಪೇಪರ್ ಓದುತ್ತ ಅವನ ಕುರ್ಚಿಗೆ ಕಾಯುತ್ತಾರೆ. ಹೊಟ್ಟೆಕಿಚ್ಚು ಅಂತೀರಾ? ಹೌದು, ಹೊಟ್ಟೆಕಿಚ್ಚೇ. ಬೇರೆ ಹೆಸರಿಟ್ಟರೆ ಉರಿ ಕಡಿಮೆಯಾಗುತ್ತದೆಯೇ?

ನಮ್ಮ ಅಂಗಡಿಯ ಎದುರಿನ ದೊಡ್ಡ ಹೋಟೆಲಿನವರು ಒಳಗೇ ಒಂದು ಸೆಲೂನ್ ತೆರೆಯಲು ಹೊರಟರು. ನಿಮ್ಮಿಬ್ಬರಲ್ಲಿ ಒಬ್ಬರನ್ನು ತೆಗೆದುಕೊಳ್ಳುತ್ತೇವೆ, ಆದರೆ ಹೊರದೇಶದ ಅತಿಥಿಗಳ ಜೊತೆ ನಾಲ್ಕು ಮಾತು ಇಂಗ್ಲಿಷ್ ಆಡಲು ಬರಬೇಕು ಎಂದು ಅಲ್ಲಿನ ಮ್ಯಾನೇಜರ್ ಹೇಳಿಹೋದರು. ತಣ್ಣನೆಯ ಕೋಣೆ, ತಪ್ಪದ ಸಂಬಳ, ಕಾಲಡಿಗೆ ಮೆತ್ತನೆಯ ಹಾಸು. ದಿನವಿಡೀ ನಿಂತು ಸವೆದ ನನ್ನ ಮಂಡಿಗಳಿಗೆ ಆ ಹಾಸೊಂದೇ ಸಾಕಿತ್ತು. ಭಾಮೈದನಿಗೆ ಇನ್ನೂ ವಯಸ್ಸಿದೆ, ಎಲ್ಲಿ ಬೇಕಾದರೂ ನಿಂತಾನು. ನನಗೆ ಈ ಕೆಲಸ ಸಿಗಲೇಬೇಕಿತ್ತು.

ಇಬ್ಬರೂ ಸಂಜೆಯ ಇಂಗ್ಲಿಷ್ ಕ್ಲಾಸಿಗೆ ಸೇರಿದೆವು. ಟೀಚರ್ ನನ್ನ ಮಗಳ ವಯಸ್ಸಿನವಳು. ಆ ವಾರ 'ಮೈಸೆಲ್ಫ್, ಯುವರ್‌ಸೆಲ್ಫ್, ಹಿಮ್‌ಸೆಲ್ಫ್' ಪಾಠ. ನಮ್ಮ ಭಾಷೆಯಲ್ಲಿ 'ಕೊಳ್ಳು' ಒಂದಿದ್ದರೆ ಸಾಕು. ರಾಜನೂ ಬೋಳಿಸಿಕೊಳ್ಳುತ್ತಾನೆ, ಕಳ್ಳನೂ ಬೋಳಿಸಿಕೊಳ್ಳುತ್ತಾನೆ. ಇಂಗ್ಲಿಷಿನಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ. ಟೀಚರ್ ಒಂದು ಕೈಗನ್ನಡಿಯನ್ನು ಸಾಲಾಗಿ ದಾಟಿಸಿ, ನೋಡಿಕೊಂಡವರು 'ಐ ಸೀ ಮೈಸೆಲ್ಫ್' ಎನ್ನಬೇಕು, ಪಕ್ಕದವರು 'ಹೀ ಸೀಸ್ ಹಿಮ್‌ಸೆಲ್ಫ್' ಎನ್ನಬೇಕು ಎಂದಳು. ಭಾಮೈದ ಕನ್ನಡಿ ನೋಡಿಕೊಂಡಾಗ ನಾನು 'ಹೀ ಸೀಸ್ ಮೈಸೆಲ್ಫ್' ಎಂದುಬಿಟ್ಟೆ. ಇಡೀ ಕ್ಲಾಸು ನಕ್ಕಿತು. ಭಾಮೈದ ಮಾತ್ರ ನಗಲಿಲ್ಲ, ಅದು ಇನ್ನೂ ಉರಿಸಿತು.

ಆಮೇಲೆ ಟೀಚರ್, "ನಿಮ್ಮ ನಿಮ್ಮ ಕೆಲಸದ ಮೇಲೆ ಒಂದು ವಾಕ್ಯ ಹೇಳಿ" ಎಂದಳು.

ನಾನು, "ಐ ಷೇವ್ ಮೈಸೆಲ್ಫ್" ಎಂದೆ.

"ಗುಡ್" ಎಂದಳು.

ಭಾಮೈದ ಎದ್ದು ನಿಂತು, "ಐ ಡೋಂಟ್ ಕಟ್ ಮೈ ಹೇರ್ ಮೈಸೆಲ್ಫ್. ಮೈ ಭಾವ ಕಟ್ಸ್ ಇಟ್" ಎಂದ. ಟೀಚರ್ ಚಪ್ಪಾಳೆ ತಟ್ಟಿದಳು, ಉಳಿದವರೂ ತಟ್ಟಿದರು. ವಾಕ್ಯದೊಳಗೆ ಇದ್ದವನು ನಾನು, ಚಪ್ಪಾಳೆ ಅವನಿಗೆ.

ಅವನು ಹೇಳಿದ್ದೇನೋ ನಿಜ. ನಮ್ಮ ಕಸುಬಿನಲ್ಲಿ ಯಾರೂ ತನ್ನ ಕೂದಲನ್ನು ತಾನೇ ಕತ್ತರಿಸಿಕೊಳ್ಳುವುದಿಲ್ಲ. ಅಂಗಡಿಗೆ ರಜೆಯಿರುವ ದಿನ ಷಟರ್ ಅರ್ಧ ಇಳಿಸಿ ನಾನು ಅವನಿಗೆ, ಅವನು ನನಗೆ ಕತ್ತರಿಸುವುದು ವಾಡಿಕೆ. ಅವನು ಬರುವ ಮೊದಲು ಆ ಕೆಲಸ ನನ್ನ ಮಾವನದು. ಮ್ಯಾನೇಜರ್ ನಮ್ಮಿಬ್ಬರನ್ನು ಪರೀಕ್ಷಿಸಲು ಬರುವ ಹಿಂದಿನ ದಿನವೂ ರಜೆಯೇ ಇತ್ತು. ಭಾಮೈದ ಬಟ್ಟೆ ಕೊಡವಿ ಕುರ್ಚಿ ತಿರುಗಿಸಿದ.

"ಬನ್ನಿ ಭಾವ, ನಾಳೆಗೆ ಲಕ್ಷಣವಾಗಿ ಕಾಣಬೇಕಲ್ವಾ?"

"ನನ್ನ ತಲೆ ನಾನೇ ನೋಡ್ಕೋತೀನಿ. ನೀನು ನಿಂದು ನೋಡ್ಕೋ."

ಅವನ ಮುಖ ಸಣ್ಣದಾಯಿತು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ.

ಮನೆಯ ಬಚ್ಚಲಲ್ಲಿ ಮುಂದೊಂದು ಹಿಂದೊಂದು ಕನ್ನಡಿ ಇಟ್ಟುಕೊಂಡು ಮಷಿನ್ ಹಿಡಿದೆ. ಊರವರ ತಲೆಯೆಲ್ಲ ನನಗೆ ಬಾಯಿಪಾಠ. ಯಾರಿಗೆ ಎಲ್ಲಿ ಗಾಯದ ಕಲೆ, ಯಾರ ಕೂದಲು ಯಾವ ಕಡೆ ಮಲಗುತ್ತದೆ, ಕಣ್ಣು ಮುಚ್ಚಿ ಹೇಳಬಲ್ಲೆ. ಆ ಧೈರ್ಯದಲ್ಲಿ ನೆತ್ತಿಯ ಹಿಂಭಾಗಕ್ಕೆ ಮಷಿನ್ ಒತ್ತಿದೆ. ಕೂದಲು ಒಂದು ಕಡೆ ನೆಟ್ಟಗೆ ನಿಂತಿತು, ಅದನ್ನು ಸರಿಮಾಡಲು ಹೋಗಿ ಅದರ ಪಕ್ಕದಲ್ಲಿ ಅಂಗೈಯಗಲ ಬೋಳಾಯಿತು.

ಹೆಂಡತಿ ಬಾಗಿಲಲ್ಲಿ ನಿಂತು ತಲೆ ಚಚ್ಚಿಕೊಂಡಳು. "ಅಲ್ರೀ, ನಿಮಗೆ ಎರಡು ಸುಳಿ ಇದೆ, ಗೊತ್ತಿಲ್ವಾ? ಅಲ್ಲಿ ಕೂದಲು ಉದ್ದ ಬಿಡಬೇಕು ಅಂತ ನನ್ನ ತಮ್ಮ ಯಾವಾಗಲೂ ಹೇಳ್ತಾನೆ."

"ನನಗ್ಯಾಕೆ ಹೇಳಲಿಲ್ಲ?"

"ನಿಮ್ಮ ತಲೆ ನಿಮಗೆ ಗೊತ್ತಿರಲ್ಲ ಅಂತ ಯಾರಿಗೆ ಗೊತ್ತು? ಎರಡು ಸುಳಿ ಇದ್ದವರಿಗೆ ಎರಡು ಮದುವೆ ಅಂತಾರೆ. ಇನ್ನೊಬ್ಬಳು ಬರೋದಿದ್ರೆ ಈ ತಲೆ ನೋಡಿ ಓಡಿಹೋಗ್ತಾಳೆ ಬಿಡಿ."

ನನ್ನ ನೆತ್ತಿಯ ಗುಟ್ಟು ಕೂಡ ಅವನ ಕೈಯಲ್ಲಿತ್ತು ಎಂದು ತಿಳಿದ ಮೇಲೆ ಊಟದ ತಟ್ಟೆಯನ್ನು ಅತ್ತ ತಳ್ಳಿ ಎದ್ದೆ.

ಬೆಳಿಗ್ಗೆ ಮ್ಯಾನೇಜರ್ ಬಂದರು. ಭಾಮೈದ ನನ್ನ ತಲೆ ನೋಡಿ ತನ್ನ ಕತ್ತರಿ ಒರೆಸತೊಡಗಿದ. ನಾನು ಗೋಡೆಗೆ ಬೆನ್ನು ಹಾಕಿ ನಿಂತು ಇಂಗ್ಲಿಷ್ ಆಡಿದೆ. ಗಿರಾಕಿಯನ್ನು ಕೂರಿಸುವ ಮಾತು, ಎಷ್ಟು ಕತ್ತರಿಸಲಿ ಎಂದು ಕೇಳುವ ಮಾತು, ಒಂದೂ ತಪ್ಪಲಿಲ್ಲ. ಮ್ಯಾನೇಜರ್ ತಲೆದೂಗಿದರು. ಭಾಮೈದ ಎರಡು ಕಡೆ ತಡವರಿಸಿದ. ಕೆಲಸ ಕೈಗೆ ಬಂತು ಎಂದುಕೊಂಡು, ಅವರಿಗೇ ಒಂದು ಷೇವ್ ಮಾಡಿ ತೋರಿಸುವ ಉಮೇದಿನಲ್ಲಿ ಟವೆಲ್ ತೆಗೆದುಕೊಳ್ಳಲು ಗೋಡೆಯ ಕಡೆ ತಿರುಗಿಬಿಟ್ಟೆ.

"ಹೂ ಡಿಡ್ ದಿಸ್?" ಎಂದು ಮ್ಯಾನೇಜರ್ ನನ್ನ ನೆತ್ತಿಯ ಕಡೆ ಬೆರಳು ತೋರಿಸಿದರು.

ನಾನು ಬಾಯಿ ತೆರೆಯುವ ಮೊದಲೇ ಭಾಮೈದ, "ಐ ಡಿಡ್ ಇಟ್, ಸರ್. ಸಾರಿ" ಎಂದ.

ಮ್ಯಾನೇಜರ್ ಹುಬ್ಬು ಗಂಟಿಕ್ಕಿ ಅವನನ್ನು ನೋಡಿದರು. ನಾನು ಸುಮ್ಮನಿದ್ದರೆ ಸಾಕಿತ್ತು, ತಣ್ಣನೆಯ ಕೋಣೆ ನನ್ನದಾಗುತ್ತಿತ್ತು. ಆದರೆ ತಲೆ ತಗ್ಗಿಸಿ ನಿಂತ ಅವನನ್ನು ನೋಡಿ ನನ್ನ ಹೊಟ್ಟೆ ಹಿಂದೆಂದೂ ಇಲ್ಲದಷ್ಟು ಉರಿಯಿತು. ಗಿರಾಕಿಗಳು ಅವನಿಗೆ, ಚಪ್ಪಾಳೆ ಅವನಿಗೆ, ಈಗ ದೊಡ್ಡತನವೂ ಅವನಿಗೇ ಇರಲೇ? ಅವನು ಎಸೆದ ಕೆಲಸವನ್ನು ನಾನು ಜೀವಮಾನವಿಡೀ ಹೆಕ್ಕಿಕೊಂಡು ತಿನ್ನಲೇ?

"ನೋ, ಸರ್" ಎಂದೆ. "ಐ ಡಿಡ್ ಇಟ್ ಮೈಸೆಲ್ಫ್."

ಮ್ಯಾನೇಜರ್ ನಕ್ಕು ನಮ್ಮ ಭಾಷೆಗೇ ಬಂದರು. "ಇಂಗ್ಲಿಷ್ ಚೆನ್ನಾಗಿದೆ. ಆದ್ರೆ ಈ ತಲೆ ನೋಡಿದ ಮೇಲೆ ನಮ್ಮ ಅತಿಥಿಗಳು ನಿಮ್ಮ ಮುಂದೆ ಕೂತ್ಕೋತಾರಾ, ನೀವೇ ಹೇಳಿ."

ಅವರು ಭಾಮೈದನ ಕೈ ಕುಲುಕಿ, ವಾರದ ಮೊದಲ ದಿನವೇ ಬರಲು ಹೇಳಿ ಹೊರಟರು.

ಮನೆಗೆ ಹೋದಾಗ ಹೆಂಡತಿ ತಟ್ಟೆ ಒರೆಸುತ್ತಿದ್ದಳು.

"ಯಾರಿಗಾಯ್ತು?"

"ನಿನ್ನ ತಮ್ಮನಿಗೆ."

"ಅಯ್ಯೋ, ನಿಮ್ಮ ಮಂಡಿನೋವು..." ಎಂದವಳು ಬೇಗನೆ ಅತ್ತ ತಿರುಗಿದಳು. ಆದರೂ ಅವಳ ಕೆನ್ನೆ ಅರಳಿದ್ದು ಹಿಂದಿನಿಂದಲೇ ಕಂಡಿತು. ಕೆಲಸ ನನಗೆ ಸಿಕ್ಕಿದ್ದರೆ ಅವಳು ಇಷ್ಟೇ ಖುಷಿಪಡುತ್ತಿದ್ದಳೋ ಇಲ್ಲವೋ, ಕೇಳುವ ಧೈರ್ಯ ನನಗೆ ಬರಲಿಲ್ಲ.