ಬಸ್ಸಿಗೊಂದು ಪ್ರದಕ್ಷಿಣೆ

ಬಸವನಗುಡಿಯ ಹೆಣ್ಣುಮಕ್ಕಳ ಹೈಸ್ಕೂಲಿನ ಗೇಟಿನೊಳಗೆ ಸಿಟಿ ಬಸ್ಸನ್ನು ತಂದು ನಿಲ್ಲಿಸುವಷ್ಟರಲ್ಲಿ ಪ್ರತಿಭಾಳ ಖಾಕಿ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಶನಿವಾರದ ಬೆಳಗ್ಗೆ, ಸೆಕೆಯೇನೂ ಇರಲಿಲ್ಲ. ಅದು ಹೆದರಿಕೆಯ ಬೆವರು.

ಹತ್ತು ದಿನದ ಹಿಂದೆ ಬುಲ್ ಟೆಂಪಲ್ ರಸ್ತೆಯ ಸ್ಟಾಪಿನಲ್ಲಿ, ಹತ್ತುವವರೆಲ್ಲ ಹತ್ತಿದರೆಂದು ಬಸ್ಸು ಬಿಟ್ಟಿದ್ದಳು. ಕಂಡಕ್ಟರು ಬಾಗಿಲು ಬಡಿದು ಕೂಗಿದ. ಬ್ರೇಕ್ ಒತ್ತಿ, ಇಳಿದು ನೋಡಿದರೆ ಮುಂದಿನ ಬಂಪರಿನಿಂದ ಒಂದು ಗೇಣು ದೂರದಲ್ಲಿ ಸ್ಕೂಲ್ ಹುಡುಗಿಯೊಬ್ಬಳು ಬಗ್ಗಿ ನೀರಿನ ಬಾಟಲ್ ಎತ್ತಿಕೊಳ್ಳುತ್ತಿದ್ದಳು. ಆ ಹುಡುಗಿಗೆ ಏನೂ ಗೊತ್ತಾಗಲಿಲ್ಲ. ಬಾಟಲ್ ಒರೆಸಿಕೊಂಡು ಹೊರಟುಹೋದಳು. ಪ್ರತಿಭಾಳಿಗೆ ಮಾತ್ರ ಅಂದಿನಿಂದ ಬಸ್ಸು ತೆಗೆಯುವಾಗಲೆಲ್ಲ ಎಡ ಮೊಣಕಾಲು ನಡುಗತೊಡಗಿತು.

ಗಂಡ ಮಂಜುನಾಥನಿಗೂ ಹೇಳಲಿಲ್ಲ. ಅವನ ಬಾಯಿಂದ ಅದು ಹೇಗೋ ಡಿಪೋ ಮುಟ್ಟುತ್ತದೆ. ಡ್ರೈವರಿಗೆ ಭಯವಂತೆ ಎಂದು ಗೊತ್ತಾದರೆ ಸ್ಟೀರಿಂಗು ಕಿತ್ತುಕೊಂಡು ಮತ್ತೆ ಟಿಕೆಟ್ ಮೆಷಿನ್ ಕೈಗೆ ಕೊಡುತ್ತಾರೆ. ಏಳು ವರ್ಷ ಕಂಡಕ್ಟರ್ ಆಗಿ ನಿಂತು ನಿಂತು ಕಾಲು ಸವೆಸಿ, ಟೆಸ್ಟ್ ಪಾಸು ಮಾಡಿ ಹಿಡಿದ ಸ್ಟೀರಿಂಗು ಅದು. ಹೆಂಗಸಿಗೆ ಇದೆಲ್ಲ ಯಾಕೆ ಬೇಕಿತ್ತು ಎನ್ನಲು ಕಾದು ಕೂತವರೇನು ಕಡಿಮೆಯೇ?

ಹಾಗಾಗಿ ತನಗೆ ತಾನೇ ಒಂದು ಉಪಾಯ ಮಾಡಿಕೊಂಡಳು. ಬಸ್ಸು ತೆಗೆಯುವ ಮುಂಚೆ ಸುತ್ತ ಒಂದು ಸುತ್ತು ಬಂದು, ಬಗ್ಗಿ ಚಕ್ರಗಳ ಹತ್ತಿರ ನೋಡುವುದು. ಟ್ರೈನಿಂಗಿನಲ್ಲಿ ವೇಣುಗೋಪಾಲ್ ಮೇಷ್ಟ್ರು ಹೇಳಿಕೊಟ್ಟಿದ್ದೇ ಅದು. ಕಲಿತವರೆಲ್ಲ ಅದೇ ವಾರ ಮರೆತಿದ್ದರು, ಅಷ್ಟೇ. ಹೆದರಿಕೆಗೆ ಒಂದು ಸುತ್ತು ಸಾಲದೆ ಮೂರಾಯಿತು. ಡಿಪೋದವರು ಬಿಡುತ್ತಾರೆಯೇ? "ಪ್ರತಿಭಕ್ಕ ಪ್ರದಕ್ಷಿಣೆ ಹಾಕ್ತಿದಾರೆ, ಮಂಗಳಾರತಿ ತಟ್ಟೆ ತನ್ರೋ" ಎಂದು ನಕ್ಕರು.

ಇವತ್ತು ಡಿಪೋ ಮ್ಯಾನೇಜರ್ ಶ್ರೀಹರಿಯೇ ಜೊತೆಗೆ ಬಂದಿದ್ದ. ಒಂಬತ್ತನೇ ಕ್ಲಾಸಿನವರಿಗೆ ಸಾರಿಗೆಯಲ್ಲಿ ಏನೇನು ಕೆಲಸಗಳಿವೆ ಎಂದು ತಿಳಿಸುವ ಕಾರ್ಯಕ್ರಮ. ಮೊದಲು ರೈಲು ಎಂಜಿನಿಯರೊಬ್ಬರು ಪರದೆಯ ಮೇಲೆ ಅರ್ಧ ಗಂಟೆ ನಕ್ಷೆ ತೋರಿಸಿದರು, ಮಕ್ಕಳು ಆಕಳಿಸಿದರು. ಖಾಕಿ ತೊಟ್ಟ ಪ್ರತಿಭಾ ಎದ್ದು ನಿಂತಾಗ ಮಾತ್ರ ನಲವತ್ತು ಬೆನ್ನುಗಳೂ ನೆಟ್ಟಗಾದವು.

"ಬಸ್ ಓಡ್ಸೋಕೆ ಭಯ ಆಗಲ್ವಾ ಮೇಡಂ?" ಎಂದು ಕೇಳಿದಳು ಎರಡನೇ ಸಾಲಿನ ತನ್ಮಯಿ. ಸಣಕಲು ಹುಡುಗಿ, ಎರಡು ಜಡೆ.

ಶ್ರೀಹರಿ ತನ್ನನ್ನೇ ನೋಡುತ್ತಿರುವುದು ಪ್ರತಿಭಾಳಿಗೆ ಗೊತ್ತಿತ್ತು. "ಮೊದಮೊದ್ಲು ಆಗ್ತಿತ್ತಮ್ಮ. ಈಗೆಲ್ಲ ಇಲ್ಲ" ಎಂದಳು. ಅವನು ಮೆಚ್ಚಿ ತಲೆಯಾಡಿಸಿದ.

ಆಮೇಲೆ ಮಕ್ಕಳನ್ನು ಬಸ್ಸಿನಲ್ಲಿ ಗಾಂಧಿ ಬಜಾರ್ ಒಂದು ಸುತ್ತು ಹಾಕಿಸುವುದೆಂದಿತ್ತು. ಹೆಡ್‌ಮಾಸ್ಟರ್ ಬದರೀನಾರಾಯಣ ಅವರಿಗೆ ಯಾವ ಶಾಸ್ತ್ರವೂ ತಪ್ಪಬಾರದು. ಬಸ್ಸಿಗೆ ಸೇವಂತಿಗೆ ಹಾರ, ಕುಂಕುಮ, ಚಕ್ರಗಳ ಮುಂದೆ ನಾಲ್ಕು ನಿಂಬೆಹಣ್ಣು. ಬಸ್ಸು ಅವನ್ನು ಅಪ್ಪಚ್ಚಿ ಮಾಡಿದ ಮೇಲೆಯೇ ಮಕ್ಕಳು ಹತ್ತಬೇಕು. "ನಾಲ್ಕೂ ಸರಿಯಾಗಿರ್ಬೇಕು, ಒಂದೂ ತಪ್ಪಬಾರ್ದು" ಎಂದು ಮತ್ತೆ ಮತ್ತೆ ಹೇಳಿ, ಮಕ್ಕಳನ್ನು ಫೋಟೋಗೆಂದು ಎಡಗಡೆಯ ಮೆಟ್ಟಿಲ ಮೇಲೆ ನಿಲ್ಲಿಸಿದರು.

ಪ್ರತಿಭಾ ಬಸ್ಸಿನ ಸುತ್ತ ಹೊರಟಳು.

"ಏನಮ್ಮ, ಇಲ್ಲೂ ಪ್ರದಕ್ಷಿಣೆನಾ?" ಎಂದು ನಕ್ಕ ಶ್ರೀಹರಿ.

ಅಷ್ಟೇ ಸಾಕಾಯಿತು. ಹೆಜ್ಜೆ ಹಿಂದಕ್ಕಿಟ್ಟು ಸೀಟು ಹತ್ತಿಬಿಟ್ಟಳು. ಜೀವ ಹೋಗುವ ಭಯಕ್ಕಿಂತ ಜನ ನಗುವ ಭಯಕ್ಕೆ ಯಾವಾಗಲೂ ಒಂದು ಕೈ ಜೋರು, ಏನು ಮಾಡುವುದು.

ಎಂಜಿನ್ ಶುರುವಾಯಿತು. ಎಡಗಡೆ ಕನ್ನಡಿಯಲ್ಲಿ ಮೆಟ್ಟಿಲ ತುಂಬ ಬಿಳಿ ಯೂನಿಫಾರ್ಮು. ಬಲಗಡೆ ಕನ್ನಡಿಯಲ್ಲಿ ಬರೀ ಕಾಂಪೌಂಡ್ ಗೋಡೆ. ಹೆಡ್‌ಮಾಸ್ಟರು ಕೈ ಬೀಸಿದರು. ಹ್ಯಾಂಡ್ ಬ್ರೇಕಿನ ಮೇಲೆ ಕೈಯಿಟ್ಟದ್ದೇ ಮೊಣಕಾಲು ಕುಣಿಯತೊಡಗಿತು. ಒಂದು ಗೇಣು ದೂರದ ಆ ಬಾಟಲ್ ಕಣ್ಣಿಗೆ ಕಟ್ಟಿತು.

"ಬಿಡಮ್ಮ, ಬಿಡು" ಎಂದ ಶ್ರೀಹರಿ.

ಈಗ ಇಳಿದರೆ ಮಾನವೂ ಹೋಯಿತು, ಸ್ಟೀರಿಂಗೂ ಹೋಯಿತು. ಇಳಿಯದಿದ್ದರೆ? ಮಕ್ಕಳು ಒಂದು, ಎರಡು ಎಂದು ಎಣಿಸುತ್ತಿದ್ದರು. ಮೂರು ಎನ್ನುವ ಮುಂಚೆ ಎಂಜಿನ್ ಆರಿಸಿದಳು.

"ಏನಾಯ್ತು?" ಶ್ರೀಹರಿಯ ಮುಖ ಕೆಂಪಾಗಿತ್ತು.

"ಒಂದು ಸುತ್ತು ನೋಡ್ಬಿಡ್ತೀನಿ ಸಾರ್."

"ನೋಡೋಕೇನಿದೆ? ಮಕ್ಕಳೆಲ್ಲ ಅಲ್ಲೇ ನಿಂತಿದಾರಲ್ಲ."

ಪ್ರತಿಭಾ ಇಳಿದು ಬಲಗಡೆಗೆ ಹೋದಳು. ಬಸ್ಸಿಗೂ ಗೋಡೆಗೂ ನಡುವೆ ಒಬ್ಬರು ಅಡ್ಡಡ್ಡ ನುಸುಳುವಷ್ಟೇ ಜಾಗ. ನುಸುಳಿ, ಬಗ್ಗಿದಳು. ಮೊದಲು ಕಂಡದ್ದು ಎರಡು ಬಿಳಿ ಕ್ಯಾನ್ವಾಸ್ ಶೂ.

ತನ್ಮಯಿ ಬಸ್ಸಿನಡಿಗೆ ಹೊಟ್ಟೆಯ ಮೇಲೆ ಮಲಗಿ, ಹಿಂದಿನ ಚಕ್ರದ ಮುಂದಕ್ಕೆ ಕೈ ಚಾಚಿದ್ದಳು. ಒಂದು ಜಡೆ ಟೈರಿಗೆ ತಾಗಿಕೊಂಡಿತ್ತು.

ಪ್ರತಿಭಾ ಹುಡುಗಿಯ ಎರಡೂ ಕಾಲು ಹಿಡಿದು ದರದರ ಎಳೆದು, ಗೋಡೆಗೆ ಒರಗಿಸಿ ಕೂರಿಸಿದಳು.

"ಈ ಚಕ್ರದ ನಿಂಬೆಹಣ್ಣು ಉರುಳಿಹೋಗಿತ್ತು ಮೇಡಂ, ಬಸ್ಸಿನ ಹಿಂದಿಂದ ಬಂದು ಸರಿಯಾಗಿಡ್ತಿದ್ದೆ. ನಾಲ್ಕೂ ಇರ್ಲೇಬೇಕು ಅಂದ್ರಲ್ಲ ಹೆಡ್‌ಮಾಸ್ಟರ್ ಸರ್."

"ಎಂಜಿನ್ ಶಬ್ದ ಕೇಳಿಸ್ಲಿಲ್ವೇನೇ?"

"ಕೇಳಿಸ್ತು." ಹುಡುಗಿ ಮೊಣಕೈ ಮಣ್ಣು ಒರೆಸಿಕೊಂಡಳು. "ನೀವು ನೋಡಿರ್ತೀರ ಅಂದ್ಕೊಂಡೆ."

ಪ್ರತಿಭಾ ಅವಳ ಪಕ್ಕದಲ್ಲೇ ಕೂತು ಕೈ ಹಿಡಿದುಕೊಂಡಳು. ಹಿಡಿದ ಕೈ ಬಿಡಲು ಅವಳಿಂದ ಆಗಲಿಲ್ಲ. ಹಿಂದೆಯೇ ಬಂದ ಶ್ರೀಹರಿ ಹುಡುಗಿಯನ್ನು ನೋಡಿದ, ಟೈರನ್ನು ನೋಡಿದ.

"ಆಗ್ಲೇ ಕೇಳಿದ್ಯಲ್ಲ, ಭಯ ಆಗಲ್ವಾ ಅಂತ" ಎಂದಳು ಪ್ರತಿಭಾ, ಅವನಿಗೆ ಕೇಳಿಸುವಂತೆಯೇ. "ಸುಳ್ಳು ಹೇಳ್ಬಿಟ್ಟೆ ಕಣಮ್ಮ. ದಿನಾ ಆಗತ್ತೆ. ಈಗ್ಲೂ ಕಾಲು ನಡುಗ್ತಿದೆ, ನೋಡು."

ಇನ್ನು ಸೋಮವಾರದಿಂದ ಟಿಕೆಟ್ ಮೆಷಿನ್ನೇ ಗತಿ ಎಂದುಕೊಂಡಳು. ಶ್ರೀಹರಿ ಕಷ್ಟಪಟ್ಟು ಬಗ್ಗಿ, ಚಕ್ರದ ಮುಂದಿದ್ದ ನಿಂಬೆಹಣ್ಣನ್ನು ಎತ್ತಿ ಜೇಬಿಗೆ ಹಾಕಿಕೊಂಡ. ಉಳಿದ ಮೂರನ್ನೂ ಎತ್ತಿದ.

"ಬನ್ನಿ ಪ್ರತಿಭಾ" ಎಂದ. ಇಷ್ಟು ವರ್ಷದಲ್ಲಿ ಅವನು ಅವಳನ್ನು ಬನ್ನಿ ಎಂದದ್ದು ಅದೇ ಮೊದಲು. "ಇನ್ನೊಂದು ಸುತ್ತು ನೋಡ್ಕೊಂಡು ಹೊರಡೋಣ. ನಾನೂ ಬರ್ತೀನಿ."